ಕಾಣೆಯಾದ ಫೈಲೂ ಬಾಯಿ ಮುಚ್ಚಿಸಿದ ಮ್ಯಾಕ್ರೊವೂ

ತಿಂಗಳ ಕೊನೆ ಬಂತೆಂದರೆ ಎಕ್ಸೆಲ್ ತೆರೆಯದ ಮೇಜು ನಮ್ಮ ಕಚೇರಿಗಳಲ್ಲಿ ಅಪರೂಪ. ಶಾಲೆಗಳ ಹಾಜರಿ, ಸಹಕಾರ ಸಂಘದ ಸಾಲದ ಕಂತು, ಗೋದಾಮಿನ ದಾಸ್ತಾನು, ನೀರಿನ ಕಂದಾಯದ ವಸೂಲಿ ಹೀಗೆ ಎಲ್ಲವೂ ಊರೂರಿಂದ ಬೇರೆ ಬೇರೆ ಫೈಲುಗಳಾಗಿ ಬರುತ್ತವೆ. ಯಾರಾದರೂ ಒಬ್ಬರು ಕೂತು ಅವನ್ನೆಲ್ಲ ಒಂದು ಹಾಳೆಗೆ ತಂದು ಕೂಡಿಸಬೇಕು. ಕೈಯಲ್ಲಿ ಮಾಡಿದರೆ ಇಡೀ ದಿನದ ಕೆಲಸ. ಅದಕ್ಕೇ ಮ್ಯಾಕ್ರೊ. ಹಾಳೆಯ ಹಿಂದೆ ಬರೆದಿಟ್ಟ ಒಂದು ಪುಟ್ಟ ಪ್ರೋಗ್ರಾಂ ಅದು. ಗುಂಡಿ ಒತ್ತಿದರೆ ಫೈಲುಗಳನ್ನು ಒಂದೊಂದಾಗಿ ತೆರೆದು, ಬೇಕಾದ ಅಂಕಿ ಓದಿ, ಮುಚ್ಚಿ, ಒಟ್ಟು ಪಟ್ಟಿ ತಯಾರಿಸಿ ಕೊಡುತ್ತದೆ. ಇದನ್ನು ಬರೆಯುವ ವಿಬಿಎ ಎಂಬ ಭಾಷೆ 1993ರಲ್ಲಿ ಎಕ್ಸೆಲ್‌ನ ಐದನೆಯ ಆವೃತ್ತಿಯೊಂದಿಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಹೊಸ ತಂತ್ರಾಂಶ ಬಂದರೂ ಸಣ್ಣ ಕಚೇರಿಗಳ ಲೆಕ್ಕದ ಹೊರೆಯನ್ನು ಇಂದಿಗೂ ಬಹುಮಟ್ಟಿಗೆ ಹೊತ್ತಿರುವುದು ಇದೇ.

ಮ್ಯಾಕ್ರೊ ಓಡುತ್ತಿರುವಾಗ ಒಂದು ಫೈಲು ಸಿಗದಿದ್ದರೆ ಏನಾಗುತ್ತದೆ, ಏನಾಗಬೇಕು ಎನ್ನುವುದು ಇವತ್ತಿನ ಮಾತು. ಇದು ಪ್ರೋಗ್ರಾಂ ಬರೆಯುವವರಿಗಷ್ಟೇ ಸಂಬಂಧಪಟ್ಟದ್ದಲ್ಲ. ಆ ಪಟ್ಟಿಗೆ ಸಹಿ ಹಾಕುವವರಿಗೂ, ಪಟ್ಟಿಯಲ್ಲಿ ಹೆಸರಿರುವವರಿಗೂ ಸಂಬಂಧಪಟ್ಟದ್ದು.

ಒಂದು ತಾಲ್ಲೂಕು ಕಚೇರಿಯನ್ನು ಮನಸ್ಸಿಗೆ ತಂದುಕೊಳ್ಳಿ. ಬಿಸಿಯೂಟದ ಅಕ್ಕಿಯ ಬೇಡಿಕೆ ಪಟ್ಟಿ ತಯಾರಾಗಬೇಕು. ಪ್ರತಿ ಶಾಲೆಯಿಂದಲೂ ಒಂದು ಎಕ್ಸೆಲ್ ಫೈಲು ಬರುತ್ತದೆ, ಬಹಳಷ್ಟು ವಾಟ್ಸಾಪ್‌ನಲ್ಲೇ ಬರುತ್ತವೆ. ಗುಮಾಸ್ತರು ಅವನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಗುಂಡಿ ಒತ್ತುತ್ತಾರೆ. ಒಂದು ಶಾಲೆಯ ಫೈಲು ಬಂದಿಲ್ಲ. ಮ್ಯಾಕ್ರೊ ಆ ಹೆಸರಿಗೆ ಬಂದು ನಿಲ್ಲುತ್ತದೆ, ತೆರೆಯ ಮೇಲೆ ಒಂದು ಪೆಟ್ಟಿಗೆ ಮೂಡುತ್ತದೆ. ರನ್‌ಟೈಮ್ ಎರರ್ 1004 ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕೆಳಗೆ ಎಂಡ್ ಎಂದೊಂದು ಗುಂಡಿ, ಡೀಬಗ್ ಎಂದೊಂದು. ಡೀಬಗ್ ಒತ್ತಿದರೆ ಯಾವತ್ತೂ ಕಂಡಿರದ ಒಂದು ಕಿಟಕಿ ತೆರೆದು, ಅದರಲ್ಲಿ ಒಂದು ಸಾಲು ಹಳದಿ ಬಣ್ಣಕ್ಕೆ ತಿರುಗಿರುತ್ತದೆ. ಎಂಡ್ ಒತ್ತಿದರೆ ಪೆಟ್ಟಿಗೆ ಹೋಗುತ್ತದೆ, ಪಟ್ಟಿ ಮಾತ್ರ ಅರ್ಧಕ್ಕೇ ನಿಂತಿರುತ್ತದೆ. ಸಂಜೆಯೊಳಗೆ ಜಿಲ್ಲೆಗೆ ಕಳಿಸಬೇಕಾದ ಪಟ್ಟಿ. ಮ್ಯಾಕ್ರೊ ಬರೆದುಕೊಟ್ಟ ಹುಡುಗನಿಗೆ ಫೋನ್ ಹೋಗುತ್ತದೆ. "ಆ ಎರರ್ ಬರದ ಹಾಗೆ ಮಾಡಿಕೊಡಪ್ಪ" ಎನ್ನುತ್ತಾರೆ. ಅವನು ಮೇಲುಗಡೆ ಒಂದು ಸಾಲು ಸೇರಿಸುತ್ತಾನೆ: ಆನ್ ಎರರ್ ರೆಸ್ಯೂಮ್ ನೆಕ್ಸ್ಟ್. ತಪ್ಪು ಬಂದರೆ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗು ಎಂಬ ಆಜ್ಞೆ. ಅಂದಿನಿಂದ ಪೆಟ್ಟಿಗೆ ಬರುವುದೇ ಇಲ್ಲ. ಎಲ್ಲರಿಗೂ ಸಮಾಧಾನ.

ಈಗ ಆ ಸಾಲು ಒಳಗೆ ಏನು ಮಾಡುತ್ತಿದೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಪಟ್ಟಿಯಲ್ಲಿ ಮೊದಲು ಕೆರೆಕೋಡಿ ಶಾಲೆ, ಆಮೇಲೆ ಹೊಸಹಳ್ಳಿ ಶಾಲೆ ಇದೆ ಎಂದುಕೊಳ್ಳಿ. ಹೆಸರುಗಳು ಉದಾಹರಣೆಗೆ ಮಾತ್ರ. ಮ್ಯಾಕ್ರೊ ಕೆರೆಕೋಡಿಯ ಫೈಲನ್ನು ತೆರೆದು, ಮಕ್ಕಳ ಸಂಖ್ಯೆ 46 ಎಂದು ಓದಿ ನೆನಪಿನಲ್ಲಿಟ್ಟುಕೊಂಡು, ಫೈಲು ಮುಚ್ಚಿ, ಕೆರೆಕೋಡಿಯ ಮುಂದೆ 46 ಎಂದು ಬರೆಯಿತು. ಸರಿಯಾಗಿದೆ. ಮುಂದಿನದು ಹೊಸಹಳ್ಳಿ. ಅದರ ಫೈಲು ಇಲ್ಲ. ತೆರೆಯುವ ಸಾಲು ಸೋತಿತು. ಆಜ್ಞೆಯಂತೆ ಅದನ್ನು ಬಿಟ್ಟು ಮುಂದೆ ಹೋಯಿತು. ಮುಂದಿನದು ಓದುವ ಸಾಲು. ಹಿಂದಿನ ಫೈಲನ್ನು ಆಗಲೇ ಮುಚ್ಚಿದ್ದಾಗಿದೆ, ಹೊಸದು ತೆರೆದಿಲ್ಲ, ಓದಲು ಏನೂ ಇಲ್ಲ. ಅದೂ ಸೋತಿತು, ಅದನ್ನೂ ಬಿಟ್ಟಿತು. ಮುಚ್ಚುವ ಸಾಲಿನದೂ ಅದೇ ಗತಿ. ಕೊನೆಯದು ಪಟ್ಟಿಯಲ್ಲಿ ಬರೆಯುವ ಸಾಲು. ಅದಕ್ಕೆ ಯಾವ ತೊಂದರೆಯೂ ಇಲ್ಲ. ನೆನಪಿನಲ್ಲಿ ಏನಿದೆಯೋ ಅದನ್ನು ಬರೆಯಬೇಕು, ಅಷ್ಟೇ. ನೆನಪಿನಲ್ಲಿರುವುದು ಇನ್ನೂ 46. ಹೊಸಹಳ್ಳಿಯ ಮುಂದೆ 46 ಎಂದು ಬಿತ್ತು.

ಹೊಸಹಳ್ಳಿಯಲ್ಲಿ ನಿಜವಾಗಿ 212 ಮಕ್ಕಳು ಎಂದಿಟ್ಟುಕೊಳ್ಳಿ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಎಂಬುದು ನಿಯಮ. ಎಲ್ಲರೂ ಆ ತರಗತಿಗಳವರೇ ಆದರೆ ದಿನಕ್ಕೆ 21 ಕಿಲೊ 200 ಗ್ರಾಂ ಬೇಕು. 24 ಶಾಲಾ ದಿನಕ್ಕೆ 508 ಕಿಲೊ 800 ಗ್ರಾಂ. ಪಟ್ಟಿಯಂತೆ ಬರುವುದು 110 ಕಿಲೊ 400 ಗ್ರಾಂ. ಹಳೆಯ ದಾಸ್ತಾನು ಇಲ್ಲದಿದ್ದರೆ ಆರನೆಯ ದಿನವೇ ಅಕ್ಕಿ ಸಾಲದು. ಹೊಸಹಳ್ಳಿಯ ಮುಂದೆ ಸೊನ್ನೆ ಬಿದ್ದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. 46 ಎಂಬುದು ನಂಬುವಂಥ ಸಂಖ್ಯೆ. ಇಂಥ ಪಟ್ಟಿಯನ್ನು ಮೇಲಧಿಕಾರಿ ಎಷ್ಟು ಜಾಗರೂಕರಾಗಿ ನೋಡಿದರೂ ತಪ್ಪು ಸಿಗುವುದಿಲ್ಲ, ಯಾಕೆಂದರೆ ತಪ್ಪಿನ ಗುರುತೇ ಅದರಲ್ಲಿ ಉಳಿದಿಲ್ಲ.

ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಿ ಕೂತ ಹಾಗಾಯಿತು ಇದು. ದೀಪವೇನೋ ಆರುವುದಿಲ್ಲ, ಆದರೆ ಗೋಡೆಯೊಳಗಿನ ತಂತಿ ಕಾಯುತ್ತಿದ್ದರೂ ಈಗ ಹೇಳುವವರಿಲ್ಲ. ನಿಂತುಹೋದ ಮ್ಯಾಕ್ರೊ ನಮ್ಮ ಒಂದು ಗಂಟೆ ಹಾಳುಮಾಡುತ್ತದೆ, ನಿಜ. ಬಾಯಿ ಮುಚ್ಚಿಸಿದ ಮ್ಯಾಕ್ರೊ ಲೆಕ್ಕವನ್ನೇ ಹಾಳುಮಾಡುತ್ತದೆ. ಎರಡರಲ್ಲಿ ಯಾವುದು ವಾಸಿ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಆ ಸಾಲನ್ನು ಬಳಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಅದಕ್ಕೊಂದು ನ್ಯಾಯವಾದ ಜಾಗವಿದೆ. ತಪ್ಪಾಗಬಹುದು ಎಂದು ನಮಗೆ ಮೊದಲೇ ಗೊತ್ತಿರುವ ಒಂದೇ ಒಂದು ಹೆಜ್ಜೆಯ ಮುಂದೆ ಅದನ್ನು ಹಾಕಿ, ಆ ಹೆಜ್ಜೆ ಮುಗಿದ ಕೂಡಲೇ ತಪ್ಪಾಯಿತೇ ಎಂದು ನೋಡಿ, ಒಡನೆಯೇ ಆನ್ ಎರರ್ ಗೋಟು ಸೊನ್ನೆ ಎಂದು ಬರೆದು ಎಚ್ಚರಿಕೆಯನ್ನು ಮತ್ತೆ ಜೀವಂತ ಮಾಡಬೇಕು. ಇನ್ನೊಂದು ಮಾತು: ಮುಂದಿನ ಫೈಲಿಗೆ ಹೋಗುವ ಮೊದಲು ನೆನಪಿನಲ್ಲಿರುವ ಅಂಕಿಯನ್ನು ಅಳಿಸಿಹಾಕಬೇಕು. ಇಷ್ಟು ಮಾಡಿದ್ದರೆ ಕೆರೆಕೋಡಿಯ ಸಂಖ್ಯೆ ಹೊಸಹಳ್ಳಿಗೆ ಹೋಗುತ್ತಿರಲಿಲ್ಲ.

ಬಾಯಿ ಮುಚ್ಚಿಸುವ ಇನ್ನೊಂದು ಸಾಲಿದೆ: ಡಿಸ್‌ಪ್ಲೇ ಅಲರ್ಟ್ಸ್ ಫಾಲ್ಸ್. ಇದು ಎಕ್ಸೆಲ್ ಕೇಳುವ ಪ್ರಶ್ನೆಗಳನ್ನು ತಡೆಯುತ್ತದೆ. ಈ ಹಾಳೆಯನ್ನು ಅಳಿಸಲೇ, ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆಯೇ ಬರೆಯಲೇ ಎಂಬಂಥ ಪ್ರಶ್ನೆಗಳು ತೆರೆಯ ಮೇಲೆ ಬರುವುದಿಲ್ಲ. ಪ್ರಶ್ನೆ ಬಾರದಿದ್ದರೂ ಉತ್ತರ ಬೇಕಲ್ಲ, ಅದನ್ನು ಎಕ್ಸೆಲ್ ತಾನೇ ಕೊಟ್ಟುಕೊಳ್ಳುತ್ತದೆ. ಇಲ್ಲೊಂದು ಅಪಾಯವಿದೆ, ಅನುಭವಿಗಳೂ ಕೆಲವೊಮ್ಮೆ ಗಮನಿಸುವುದಿಲ್ಲ. ಹಳೆಯ ಫೈಲಿನ ಮೇಲೆ ಬರೆಯಲೇ ಎಂಬ ಪೆಟ್ಟಿಗೆ ಎದುರಿಗೆ ಬಂದಾಗ ಸುಮ್ಮನೆ ಎಂಟರ್ ಒತ್ತಿದರೆ ಅದು ಬೇಡ ಎಂಬ ಉತ್ತರ. ಪೆಟ್ಟಿಗೆಯನ್ನು ತಡೆದಾಗ ಮಾತ್ರ ಎಕ್ಸೆಲ್ ಹೂಂ ಎಂದುಕೊಂಡು ಬರೆದುಬಿಡುತ್ತದೆ. ಹೋದ ತಿಂಗಳ ಪಟ್ಟಿಯ ಹೆಸರನ್ನೇ ಈ ತಿಂಗಳೂ ಬಳಸಿದ್ದರೆ ಹೋದ ತಿಂಗಳಿನದು ಹೋದಂತೆಯೇ. ಹಾಳೆಯ ಮೇಲೆ ಮ್ಯಾಕ್ರೊ ಮಾಡಿದ ಕೆಲಸವನ್ನು ಕಂಟ್ರೋಲ್ ಝೆಡ್ ಒತ್ತಿ ಹಿಂದಕ್ಕೆ ಪಡೆಯಲೂ ಬರುವುದಿಲ್ಲ. ಮ್ಯಾಕ್ರೊ ಮುಗಿದ ಮೇಲೆ ಈ ತಡೆಯನ್ನು ಎಕ್ಸೆಲ್ ತಾನಾಗಿ ತೆಗೆಯುತ್ತದೆ ಎನ್ನುವುದು ನಿಜ. ಆದರೆ ಅನಾಹುತ ಆಗುವುದು ಮ್ಯಾಕ್ರೊ ಓಡುತ್ತಿರುವಾಗಲೇ.

ಸೂತ್ರದ ಮೂಲಕ ಇನ್ನೊಂದು ಫೈಲಿಗೆ ಕೊಂಡಿ ಹಾಕಿದವರಿಗೂ ಒಂದು ಮಾತು. ಫೈಲು ತೆರೆದಾಗ ಕೊಂಡಿಗಳನ್ನು ಹೊಸದು ಮಾಡಲೇ ಎಂದು ಎಕ್ಸೆಲ್ ಕೇಳುತ್ತದೆ. ಬೇಡ ಎಂದರೆ, ಅಥವಾ ಮೂಲ ಫೈಲು ಸಿಗದೆ ಹೋದರೆ, ಹಿಂದಿನ ಸಲ ಬಂದಿದ್ದ ಅಂಕಿಯೇ ಹಾಗೇ ನಿಂತಿರುತ್ತದೆ. ನೋಡಿದವರಿಗೆ ಅದು ಇವತ್ತಿನ ಅಂಕಿಯಂತೆಯೇ ಕಾಣುತ್ತದೆ.

ಸದ್ದಿಲ್ಲದ ತಪ್ಪು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಇಂಗ್ಲೆಂಡಿನಲ್ಲಿ 2020ರಲ್ಲಿ ನಡೆದದ್ದು ಸಾಕು. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಫೈಲುಗಳಾಗಿ ಬರುತ್ತಿದ್ದವು. ಅವನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯಲ್ಲಿ ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬಲಾಗುತ್ತಿತ್ತು. ಆ ನಮೂನೆಯ ಒಂದು ಹಾಳೆಯಲ್ಲಿ ಹಿಡಿಸುವುದು 65,536 ಸಾಲು ಮಾತ್ರ. 2007ರಲ್ಲಿ ಬಂದ ಹೊಸ ನಮೂನೆಯಲ್ಲಿ 10,48,576 ಸಾಲು ಹಿಡಿಸುತ್ತದೆ. ಒಬ್ಬೊಬ್ಬ ರೋಗಿಗೆ ಹಲವು ಸಾಲು ಬೇಕಾಗಿದ್ದರಿಂದ ಹಾಳೆ ಬೇಗ ತುಂಬಿತು. ಮಿತಿ ಮೀರಿದ ಸಾಲುಗಳು ಹೊರಗೇ ಉಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಸೋಂಕು ದೃಢಪಟ್ಟ 15,841 ಜನ ದಿನನಿತ್ಯದ ಲೆಕ್ಕದಿಂದ ಬಿಟ್ಟುಹೋಗಿದ್ದರು. ಪರೀಕ್ಷೆಗೆ ಒಳಗಾದವರಿಗೆ ಅವರವರ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು. ಎಷ್ಟು ಬಂದಿತ್ತು, ಎಷ್ಟು ಒಳಗೆ ಹೋಯಿತು ಎಂದು ತಾಳೆ ನೋಡುವ ಒಂದು ಹೆಜ್ಜೆ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇನ್ನು ಫೈಲು ಕಾಣೆಯಾಗುವುದು ಹೇಗೆ? ಬಹಳ ಸಲ ಅದು ಕಾಣೆಯಾಗಿಯೇ ಇರುವುದಿಲ್ಲ, ಹೆಸರು ಬದಲಾಗಿರುತ್ತದೆ. ಅದೇ ಫೈಲನ್ನು ಎರಡನೆಯ ಸಲ ಇಳಿಸಿಕೊಂಡರೆ ಹೆಸರಿನ ಕೊನೆಗೆ ಆವರಣದಲ್ಲಿ ಒಂದು ಎಂಬ ಅಂಕಿ ಅಂಟಿಕೊಳ್ಳುತ್ತದೆ. ಹೆಸರಿನ ಕೊನೆಯ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ಬಾಲವನ್ನು ವಿಂಡೋಸ್ ಮರೆಮಾಡಿರುತ್ತದೆ. ಗೊತ್ತಿಲ್ಲದೆ ಅದನ್ನೇ ಇನ್ನೊಮ್ಮೆ ಟೈಪ್ ಮಾಡಿದರೆ ಅದು ಎರಡು ಸಲ ಬರುತ್ತದೆ. ಹೆಸರಿನ ನಡುವೆ ಒಂದು ಖಾಲಿ ಜಾಗ ಹೆಚ್ಚಾಗಿರುತ್ತದೆ. ನಿನ್ನೆ ಇ ಡ್ರೈವ್ ಆಗಿದ್ದ ಪೆನ್‌ಡ್ರೈವ್ ಇವತ್ತು ಎಫ್ ಆಗಿರುತ್ತದೆ. ಮ್ಯಾಕ್ರೊ ಬರೆದವನ ಕಂಪ್ಯೂಟರಿನ ಡೆಸ್ಕ್‌ಟಾಪ್ ವಿಳಾಸವೇ ಒಳಗೆ ಉಳಿದಿರುವುದೂ ಉಂಟು. ಆ ವಿಳಾಸ ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಿಂದ ಬರಬೇಕು? ಒನ್‌ಡ್ರೈವ್‌ನಲ್ಲಿ ಇಟ್ಟ ಫೈಲಾದರೆ ಅದರ ವಿಳಾಸ ವೆಬ್ ವಿಳಾಸದ ರೂಪದಲ್ಲಿ ಬಂದುಬಿಡುವುದರಿಂದ ಹಳೆಯ ಮ್ಯಾಕ್ರೊ ದಾರಿ ತಪ್ಪುತ್ತದೆ.

ತೆರೆಯುವ ಮುನ್ನ ಫೈಲು ಇದೆಯೇ ಎಂದು ಕೇಳಲು ಡಿರ್ ಎಂಬ ಫಂಕ್ಷನ್ ಇದೆ. ಫೈಲಿದ್ದರೆ ಅದರ ಹೆಸರು ಕೊಡುತ್ತದೆ, ಇಲ್ಲದಿದ್ದರೆ ಖಾಲಿ ಉತ್ತರ ಕೊಡುತ್ತದೆ. ಪಾಠ ಹೇಳುವವರೆಲ್ಲ ಮೊದಲು ಇದನ್ನೇ ಹೇಳುತ್ತಾರೆ, ಇಂಗ್ಲಿಷ್ ಹೆಸರಿನ ಫೈಲುಗಳಿಗೆ ಇದು ಸಾಕು ಕೂಡ. ಆದರೆ ಹೆಸರಿನ ಕೋಶ ಖಾಲಿಯಿದ್ದು ಬರೀ ಫೋಲ್ಡರಿನ ವಿಳಾಸ ಕೊಟ್ಟಿರೋ, ಅದು ಆ ಫೋಲ್ಡರಿನಲ್ಲಿ ಮೊದಲು ಸಿಕ್ಕ ಯಾವುದೋ ಫೈಲಿನ ಹೆಸರು ಹೇಳುತ್ತದೆ. ಮ್ಯಾಕ್ರೊ ಅದನ್ನು ಇದೆ ಎಂಬ ಉತ್ತರವೆಂದೇ ತಿಳಿಯುತ್ತದೆ. ಆದ್ದರಿಂದ ಹೆಸರು ಖಾಲಿಯಿಲ್ಲ ಎಂಬುದನ್ನು ಮೊದಲು ನೋಡಬೇಕು.

ಕನ್ನಡದಲ್ಲಿ ಹೆಸರಿಡುವ ನಮಗೆ ಇದಕ್ಕಿಂತ ದೊಡ್ಡ ತೊಡಕಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ವಿಬಿಎ ಹುಟ್ಟಿದ ಕಾಲದಲ್ಲಿ ವಿಂಡೋಸ್ ಒಂದೊಂದು ಲಿಪಿಗೆ ಒಂದೊಂದು ಅಕ್ಷರ ಕೋಷ್ಟಕ ಇಟ್ಟುಕೊಂಡಿತ್ತು. ಕನ್ನಡಕ್ಕೆ ಅಂಥ ಕೋಷ್ಟಕ ಬರಲೇ ಇಲ್ಲ. ವಿಂಡೋಸ್‌ಗೆ ಕನ್ನಡ ಬಂದದ್ದೇ ಎಲ್ಲ ಲಿಪಿಗಳನ್ನೂ ಒಂದೇ ಕೋಷ್ಟಕದಲ್ಲಿಡುವ ಯೂನಿಕೋಡ್ ಮೂಲಕ. ಎಕ್ಸೆಲ್ ಹಾಳೆಯ ಕೋಶಗಳಿಗೆ ಯೂನಿಕೋಡ್ ಬರುತ್ತದೆ, ಆದ್ದರಿಂದ ಅಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಆದರೆ ಮ್ಯಾಕ್ರೊ ಬರೆಯುವ ಕಿಟಕಿಯಲ್ಲಿ ಕನ್ನಡ ಟೈಪ್ ಮಾಡಿ ನೋಡಿ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ. ಮ್ಯಾಕ್ರೊ ತನ್ನ ಮಾತು ತೋರಿಸುವ ಪೆಟ್ಟಿಗೆಯಾದ ಮೆಸೇಜ್ ಬಾಕ್ಸಿನ ಪಾಡೂ ಅದೇ. ಡಿರ್‌ಗೂ ಕನ್ನಡದ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ತಲುಪುತ್ತದೆ. ಪ್ರಶ್ನಾರ್ಥಕ ಚಿಹ್ನೆ ಎಂದರೆ ಡಿರ್‌ನ ಲೆಕ್ಕದಲ್ಲಿ ಆ ಜಾಗದಲ್ಲಿ ಯಾವ ಅಕ್ಷರವಿದ್ದರೂ ಸರಿ ಎಂದರ್ಥ. ಹೀಗಾಗಿ ಕನ್ನಡ ಹೆಸರಿನ ಫೈಲಿನ ಬಗ್ಗೆ ಡಿರ್ ಕೊಡುವ ಉತ್ತರವನ್ನು ನಂಬುವಂತಿಲ್ಲ, ಇದೆ ಎಂದರೂ ನಂಬುವಂತಿಲ್ಲ, ಇಲ್ಲ ಎಂದರೂ ನಂಬುವಂತಿಲ್ಲ.

ಇದಕ್ಕೆ ಪರಿಹಾರ ಇದೆ, ಕಷ್ಟದ್ದೂ ಅಲ್ಲ. ಫೈಲ್ ಸಿಸ್ಟಂ ಆಬ್ಜೆಕ್ಟ್ ಎಂಬ ಸಲಕರಣೆ ವಿಂಡೋಸ್‌ನಲ್ಲಿಯೇ ಇದೆ. ಅದರ ಫೈಲ್ ಎಕ್ಸಿಸ್ಟ್ಸ್ ಎಂಬ ಪ್ರಶ್ನೆಗೆ ಯೂನಿಕೋಡ್ ಹೆಸರು ಅರ್ಥವಾಗುತ್ತದೆ. ಶಾಲೆಯ ಹೆಸರನ್ನು ಮ್ಯಾಕ್ರೊದೊಳಗೆ ಟೈಪ್ ಮಾಡದೆ ಹಾಳೆಯ ಕೋಶದಿಂದಲೇ ಓದಿ ಅದಕ್ಕೆ ಕೊಟ್ಟರಾಯಿತು. ಎಚ್ಚರಿಕೆಯ ಮಾತನ್ನೂ ಹಾಗೆಯೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟು, ಮೆಸೇಜ್ ಬಾಕ್ಸಿನ ಬದಲು ಯೂಸರ್ ಫಾರ್ಮ್ ಎಂಬ, ನಾವೇ ರಚಿಸಿಕೊಳ್ಳುವ ಕಿಟಕಿಯ ಲೇಬಲ್ಲಿನಲ್ಲಿ ತೋರಿಸಬಹುದು. ಅಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಕನ್ನಡದಲ್ಲಿ ಕೆಲಸ ಮಾಡುವ ಗುಮಾಸ್ತರಿಗೆ ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ ಬಂದರೆ ಅದನ್ನು ಓದದೇ ಓಕೆ ಒತ್ತುತ್ತಾರೆ. ಅದು ಅವರ ತಪ್ಪಲ್ಲ.

ಹಾಗಾದರೆ ಒಳ್ಳೆಯ ಮ್ಯಾಕ್ರೊ ಹೇಗಿರಬೇಕು? ಮೊದಲನೆಯದಾಗಿ, ಯಾರ್ಯಾರಿಂದ ಫೈಲು ಬರಬೇಕು ಎಂಬ ಪಟ್ಟಿ ಅದರ ಕೈಯಲ್ಲಿರಬೇಕು. ಫೋಲ್ಡರಿನಲ್ಲಿ ಸಿಕ್ಕಿದ್ದನ್ನೆಲ್ಲ ತೆರೆಯುತ್ತಾ ಹೋಗುವ ಮ್ಯಾಕ್ರೊಗೆ ಏನು ಬಂದಿಲ್ಲ ಎಂಬುದು ಎಂದೂ ತಿಳಿಯುವುದಿಲ್ಲ. ಪಟ್ಟಿಯನ್ನು ಹಿಡಿದು, ಒಂದೂ ಫೈಲು ತೆರೆಯುವ ಮುಂಚೆಯೇ ಎಲ್ಲವನ್ನೂ ಒಂದು ಸುತ್ತು ಪರೀಕ್ಷಿಸಿ, ಪ್ರತಿ ಹೆಸರಿನ ಪಕ್ಕದಲ್ಲೂ ಬಂದಿದೆ ಅಥವಾ ಬಂದಿಲ್ಲ ಎಂದು ಬರೆಯಬೇಕು. ಆಗ ಅರ್ಧಕ್ಕೆ ನಿಲ್ಲುವ ಪ್ರಶ್ನೆಯೇ ಇಲ್ಲ. ಯಾರಿಗೆ ಫೋನ್ ಮಾಡಬೇಕು ಎಂಬುದು ಬೆಳಿಗ್ಗೆಯೇ ಗೊತ್ತಾಗುತ್ತದೆ. ಫೈಲು ಬಾರದ ಶಾಲೆಯ ಮುಂದೆ ಸೊನ್ನೆ ಹಾಕಬಾರದು. ಸೊನ್ನೆ ಎಂದರೆ ಮಕ್ಕಳೇ ಇಲ್ಲ ಎಂದಾಗುತ್ತದೆ. ಆ ಕೋಶ ಖಾಲಿಯಾಗಿಯೇ ಇರಲಿ, ಬಣ್ಣ ಬದಲಾಗಲಿ. ಒಟ್ಟು ಮೊತ್ತದ ಪಕ್ಕದಲ್ಲಿ 40 ಶಾಲೆಗಳ ಪೈಕಿ 38ರ ಮೊತ್ತ ಎಂದು ಅಚ್ಚಾಗಲಿ. ಕಾಗದದ ಮೇಲೆ ಅಚ್ಚಾದ ಪಟ್ಟಿಯಲ್ಲೂ ಆ ಮಾತು ಇರಬೇಕು. ಕಂಪ್ಯೂಟರಿನಲ್ಲಿ ಕಂಡ ಎಚ್ಚರಿಕೆ ಸಹಿ ಹಾಕುವವರ ಮೇಜಿಗೆ ಹೋಗುವುದಿಲ್ಲ, ಹೋಗುವುದು ಕಾಗದ.

ಎಚ್ಚರಿಕೆಯ ಮಾತು ಬರೆಯುವುದೂ ಒಂದು ಬರವಣಿಗೆಯೇ. ಫೈಲು ಸಿಗಲಿಲ್ಲ ಎಂದಷ್ಟೇ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಹೊಸಹಳ್ಳಿ ಶಾಲೆಯ ಜುಲೈ ತಿಂಗಳ ಫೈಲು ಇಂಥ ಫೋಲ್ಡರಿನಲ್ಲಿ ಇಲ್ಲ, ಅಲ್ಲಿ ಹಾಕಿ ಮತ್ತೆ ಗುಂಡಿ ಒತ್ತಿ, ಇಲ್ಲವೇ ಅದನ್ನು ಬಿಟ್ಟು ಮುಂದುವರಿಸಿ; ಬಿಟ್ಟರೆ ಒಟ್ಟು ಮೊತ್ತದಲ್ಲಿ ಅದು ಸೇರುವುದಿಲ್ಲ ಎಂದು ಹೇಳಬೇಕು. ಎಂಟು ಶಾಲೆಯ ಫೈಲು ಬಂದಿಲ್ಲವಾದರೆ ಎಂಟು ಪೆಟ್ಟಿಗೆ ಬೇಡ, ಕೊನೆಯಲ್ಲಿ ಎಂಟು ಹೆಸರಿನ ಒಂದೇ ಪಟ್ಟಿ ಸಾಕು. ಗುಂಡಿ ಒತ್ತಿದಾಗಲೆಲ್ಲ ಕೆಲಸ ಯಶಸ್ವಿಯಾಯಿತು ಎಂದು ಹೇಳುವ ಪೆಟ್ಟಿಗೆಯೂ ಬೇಡ. ಬೇಡದ ಪೆಟ್ಟಿಗೆ ಹೆಚ್ಚಿದಷ್ಟೂ ಬೇಕಾದ ಪೆಟ್ಟಿಗೆಯನ್ನು ಓದುವವರು ಕಡಿಮೆಯಾಗುತ್ತಾರೆ.

ಓದದೇ ಒತ್ತುವ ಅಭ್ಯಾಸಕ್ಕೆ ಲೋಕ ತೆತ್ತ ಬೆಲೆ ಸಣ್ಣದಲ್ಲ. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಎಂಬ ವೈರಸ್ ಒಂದು ವರ್ಡ್ ಕಡತದ ಮ್ಯಾಕ್ರೊದೊಳಗೆ ಕೂತು ಬಂತು. ಕಡತ ತೆರೆದವರ ಔಟ್‌ಲುಕ್ ವಿಳಾಸ ಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳಿಸಿಕೊಂಡು ಹಬ್ಬಿತು. 2022ರಿಂದ ಮೈಕ್ರೋಸಾಫ್ಟ್ ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯತೊಡಗಿದ್ದು, ಜನ ಎಚ್ಚರಿಕೆ ಓದದೆ ಎನೇಬಲ್ ಒತ್ತುತ್ತಿದ್ದುದರಿಂದಲೇ. ನಿಮ್ಮ ಮ್ಯಾಕ್ರೊ ಫೈಲು ಇಮೇಲ್‌ನಲ್ಲಿ ಬಂದು, ಕೆಂಪು ಪಟ್ಟಿ ತೋರಿಸಿ ಓಡದೇ ಕೂತರೆ ಕಾರಣ ಇದು. ಕಳಿಸಿದವರನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆ ಮಾತ್ರ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿ.

ಕೊನೆಯದಾಗಿ ಒಂದು ವಿನಂತಿ. ನಾಳೆ ಕಚೇರಿಗೆ ಹೋದಾಗ ನೀವು ದಿನಾ ಬಳಸುವ ಮ್ಯಾಕ್ರೊದ ಫೈಲಿನ ಒಂದು ನಕಲು ಮಾಡಿಕೊಳ್ಳಿ. ಆ ನಕಲನ್ನು ತೆರೆದು ಆಲ್ಟ್ ಮತ್ತು ಎಫ್ 11 ಒಟ್ಟಿಗೆ ಒತ್ತಿ, ಕಂಟ್ರೋಲ್ ಎಫ್ ಒತ್ತಿ, ರೆಸ್ಯೂಮ್ ನೆಕ್ಸ್ಟ್ ಎಂದೂ ಡಿಸ್‌ಪ್ಲೇ ಅಲರ್ಟ್ಸ್ ಎಂದೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಸಿಕ್ಕಿದರೆ ಅದನ್ನು ಬರೆದವರನ್ನು ಕರೆದು ಇಲ್ಲಿ ಯಾಕೆ ಹಾಕಿದಿರಿ ಎಂದು ಕೇಳಿ. ಆಮೇಲೆ ಫೋಲ್ಡರಿನಿಂದ ಬೇಕೆಂದೇ ಒಂದು ಫೈಲನ್ನು ಹೊರಗಿಟ್ಟು ಗುಂಡಿ ಒತ್ತಿ ನೋಡಿ. ಯಾವ ಫೈಲು ಇಲ್ಲ ಎಂದು ಹೆಸರು ಹಿಡಿದು ಹೇಳಿದರೆ ಆ ಮ್ಯಾಕ್ರೊವನ್ನು ನಂಬಬಹುದು. ಏನೂ ಹೇಳದೆ ಪೂರ್ತಿ ಪಟ್ಟಿ ಕೊಟ್ಟರೆ, ಅದನ್ನು ಸರಿಪಡಿಸುವವರೆಗೂ ಅದರ ಪಟ್ಟಿಗೆ ಸಹಿ ಹಾಕಬೇಡಿ.